ಡಾಕ್ಟರಿಗೆ ಫೋನ್ ಮಾಡುವಾಗ ಇಂಗ್ಲಿಷ್ ತಡವರಿಸಿದರೆ

ಮಡಿಕೇರಿಯಲ್ಲಿ ನರ್ಸಿಂಗ್ ಎರಡನೇ ವರ್ಷ, ಓದಿದ್ದು ಕನ್ನಡ ಮಾಧ್ಯಮ, ಡಾಕ್ಟರಿಗೆ ಫೋನಿನಲ್ಲಿ ಇಂಗ್ಲಿಷಲ್ಲಿ ಹೇಳುವಾಗ ಬಾಯಿ ಕಟ್ಟುತ್ತದೆ ಅಂತ ಕೇಳಿದ್ದೀರಿ. ವ್ಯಾಕರಣ ಆಮೇಲೆ, ಮೊದಲು ಕ್ರಮ ಹಿಡಿಯಿರಿ. ರೋಗಿಯ ಸ್ಥಿತಿ ತಿಳಿಸುವ ಆ ಕ್ರಮಕ್ಕೆ ಎಸ್‌ಬಿಎಆರ್ (ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್) ಅನ್ನುತ್ತಾರೆ, ಅಂದರೆ ಇಷ್ಟೇ: ಈಗ ಏನಾಗಿದೆ, ಹಿನ್ನೆಲೆ ಏನು, ನಿಮಗೆ ಏನನ್ನಿಸುತ್ತದೆ, ಡಾಕ್ಟರ್ ಏನು ಮಾಡಬೇಕು. ಫೋನ್ ಎತ್ತುವ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ: "ಬೆಡ್ ಸೆವೆನ್, ಬಿಪಿ ನೈಂಟಿ ಬೈ ಸಿಕ್ಸ್ಟಿ, ಪಲ್ಸ್ ಒನ್ ಟ್ವೆಂಟಿ. ಸೆಕೆಂಡ್ ಡೇ ಪೋಸ್ಟ್ ಆಪ್ (ಆಪರೇಷನ್ ಆಗಿ ಎರಡನೇ ದಿನ). ಐ ಸಸ್ಪೆಕ್ಟ್ ಬ್ಲೀಡಿಂಗ್. ಪ್ಲೀಸ್ ಕಮ್ ನೌ." ಕೊನೆಯ ವಾಕ್ಯವನ್ನು ಸಂಕೋಚದಿಂದ ನುಂಗಬೇಡಿ, ಅದಕ್ಕಾಗಿಯೇ ಫೋನ್ ಮಾಡಿದ್ದು.

ನಿಜವಾದ ಅಪಾಯ ಇರುವುದು ಅಂಕಿಗಳಲ್ಲಿ. ಫಿಫ್ಟೀನ್, ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತದೆ. "ಒನ್ ಫೈವ್" ಅಂತ ಬಿಡಿಸಿ ಹೇಳಿ. ಡಾಕ್ಟರ್ ಹೇಳಿದ ಔಷಧಿ, ಡೋಸ್ ಬರೆದುಕೊಂಡು ಅವರಿಗೇ ತಿರುಗಿ ಓದಿ, ಹೌದು ಅನ್ನಿಸಿಕೊಳ್ಳಿ. ಅರ್ಥವಾಗದೆ "ಯೆಸ್ ಡಾಕ್ಟರ್" ಬೇಡವೇ ಬೇಡ.

ಇನ್ನೊಂದು, ರೋಗಿಯ ಮಾತನ್ನು ಚಾರ್ಟಿಗೆ ಇಳಿಸುವಾಗ. "ವಾಂತಿ ಬಂದ ಹಾಗಾಗ್ತದೆ" ಅಂದರೆ ನಾಸಿಯಾ, ವಾಮಿಟಿಂಗ್ ಅಲ್ಲ. "ಸುಸ್ತು" ಅಂದಾಗ ಆಯಾಸವೋ, ಉಸಿರು ಕಟ್ಟುವುದೋ ಕೇಳಿಯೇ ಬರೆಯಿರಿ. ಕೊಡವ ತಕ್ಕ್ ಅಥವಾ ಅರೆಭಾಷೆ ಆಡುವ ಹಿರಿಯರಾದರೆ ನೋವಿನ ಜಾಗವನ್ನು ಬೆರಳಿಟ್ಟು ತೋರಿಸಲು ಹೇಳಿ.