ಎಂಟನೇ ಕ್ಲಾಸಿಗೇ ಕೋಚಿಂಗ್ ಬೇಕಾ?

ಪ್ರಶ್ನೆ: ನಮಸ್ತೆ ಮೇಡಂ, ನನ್ನ ಮಗ ಈಗ ಎಂಟನೇ ಕ್ಲಾಸು, ಸ್ಟೇಟ್ ಸಿಲಬಸ್. ಮೊದ್ಲು ತಮಿಳುನಾಡಿನ ಹೊಸೂರಲ್ಲಿದ್ವಿ, ಅವನು ನಾಲ್ಕನೇ ಕ್ಲಾಸಿಗೆ ಬರೋವಾಗ ವಿಜಯನಗರಕ್ಕೆ ಬಂದ್ವಿ. ಇಲ್ಲೊಂದು ಕೋಚಿಂಗ್ ಸೆಂಟರ್‌ನವರು ಇಂಜಿನಿಯರಿಂಗ್ ಸೀಟ್ ಬೇಕಂದ್ರೆ ಈಗ್ಲೇ ಫೌಂಡೇಶನ್ ಕೋರ್ಸ್ ಸೇರಿಸಿ, ಮೂರು ವರ್ಷದ ಫೀಸ್ ಒಟ್ಟಿಗೆ ಕಟ್ಟಿದ್ರೆ ಡಿಸ್ಕೌಂಟ್ ಅಂತ ದಿನಾ ಫೋನ್ ಮಾಡ್ತಾರೆ. ನಮ್ಮೆಜಮಾನ್ರು ಸಾಲ ಮಾಡಾದ್ರೂ ಕಟ್ಬಿಡೋಣ ಅಂತಿದಾರೆ. ಏನ್ಮಾಡ್ಲಿ?
– ಒಬ್ಬ ತಾಯಿ, ವಿಜಯನಗರ

ಉತ್ತರ: ಕಟ್ಬೇಡಿ ಅಮ್ಮ. 16 ವರ್ಷದೊಳಗಿನ ಮಕ್ಕಳನ್ನ ಕೋಚಿಂಗ್ ಸೆಂಟರ್‌ಗೆ ಸೇರಿಸ್ಕೋಬಾರ್ದು, ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದ್ಮೇಲೇನೇ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲೇ ಮಾರ್ಗಸೂಚಿ ಹೊರಡಿಸಿದೆ. ಮುಂದಿನ ಸಲ ಫೋನ್ ಬಂದಾಗ ಇದನ್ನೇ ಕೇಳಿ ನೋಡಿ, ಅವರೇ ಸುಮ್ಮನಾಗ್ತಾರೆ.

ನಿಮ್ಮೆಜಮಾನ್ರಿಗೂ ಒಂದು ವಿಷಯ ಹೇಳಿ. ನಮ್ಮ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಲೆಕ್ಕ ಸಿಇಟಿ ಅಂಕ, ಇನ್ನರ್ಧ ಸೆಕೆಂಡ್ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ, ಅಂದ್ರೆ ಬೋರ್ಡ್ ಪರೀಕ್ಷೆನ ಹಗುರ ಮಾಡ್ಕೊಂಡೋರಿಗೆ ಅಲ್ಲೇ ಪೆಟ್ಟು ಬೀಳುತ್ತೆ. ಸಿಇಟಿ ಅಂದ್ರೆ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಾದ್ರೆ ಅಂಕ ಕಡಿಮೆ ಮಾಡಲ್ಲ. ಇದಕ್ಕೆ ಎಂಟನೇ ಕ್ಲಾಸಿಂದ ಸಾಲ ಬೇಕಾಗಿಲ್ಲ. ಐಐಟಿ ಥರದ ಕಡೆಗೆ ಬರೆಯೋ ದೇಶಮಟ್ಟದ ಪರೀಕ್ಷೆ ಜೆಇಇ ಬೇರೆ ಲೆಕ್ಕ, ಅಲ್ಲಿ ನೆಗೆಟಿವ್ ಮಾರ್ಕಿಂಗ್ ಇದೆ, ಅದನ್ನ ಹುಡುಗ ತಾನಾಗೇ ಇಷ್ಟಪಟ್ರೆ ಫಸ್ಟ್ ಪಿಯುಸಿಲಿ ಯೋಚ್ನೆ ಮಾಡಿ.

ಈಗ ನೋಡ್ಬೇಕಾಗಿರೋದು ಅವನ ಮ್ಯಾಥ್ಸ್ ರಫ್ ನೋಟ್‌ಬುಕ್, ಫೇರ್ ಬುಕ್ ಅಲ್ಲ. ಬ್ರಾಕೆಟ್ ಬಿಡಿಸೋವಾಗ ಮೈನಸ್ 3ನ ಮೈನಸ್ 4ರಿಂದ ಗುಣಿಸಿ ಪ್ಲಸ್ 12 ಬರೀಬೇಕಾದ ಕಡೆ ಎಷ್ಟೋ ಮಕ್ಕಳು ಮೈನಸ್ 12 ಬರ್ದಿರ್ತಾರೆ, ಟೀಚರ್ ಉತ್ತರ ತಪ್ಪು ಅಂತ ಗೀಟು ಹಾಕಿ ಮುಂದಕ್ಕೆ ಹೋಗಿರ್ತಾರೆ, ಎಲ್ಲಿ ತಪ್ಪಾಯ್ತು ಅಂತ ಮಗುಗೆ ಗೊತ್ತೇ ಆಗಿರಲ್ಲ, ಅದೇ ತಪ್ಪು ಪಿಯುಸಿವರೆಗೂ ಜೊತೇಲೇ ಬರುತ್ತೆ. ಭಿನ್ನರಾಶಿನೂ ಹಂಗೇ. ದಿನಾ ಅರ್ಧ ಗಂಟೆ ಕೂತು ಇದನ್ನ ಸರಿ ಮಾಡಿಸೋಕೆ ಬೀದಿಲಿ ಯಾರಾದ್ರೂ ಡಿಗ್ರಿ ಓದೋ ಹುಡುಗಿ ಸಿಕ್ರೂ ಸಾಕು.

ಇನ್ನು ಪೇಪರ್ಸ್ ವಿಷಯ, ಇದನ್ನ ಮಾತ್ರ ನಿಜವಾಗ್ಲೂ ಈಗ್ಲೇ ಮಾಡ್ಬೇಕು. ಕರ್ನಾಟಕದ ಕೋಟಾದಲ್ಲಿ ಸೀಟ್ ಕೇಳೋಕೆ ಸಾಮಾನ್ಯವಾಗಿ ಒಂದನೇ ಕ್ಲಾಸಿಂದ ಸೆಕೆಂಡ್ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಇಲ್ಲಿ ಓದಿರ್ಬೇಕು. ನಿಮ್ಮ ಮಗ ನಾಲ್ಕರಿಂದ ಇಲ್ಲೇ ಇರೋದ್ರಿಂದ ಪಿಯುಸಿ ಮುಗಿಯೋವಾಗ 9 ವರ್ಷ ಆಗುತ್ತೆ, ಹೊಸೂರಿನ ಚಿಂತೆ ಬಿಡಿ. ಆದ್ರೆ ಓದಿದ ವರ್ಷಗಳಿಗೆಲ್ಲ ಸ್ಟಡಿ ಸರ್ಟಿಫಿಕೇಟ್ ತೋರಿಸ್ಬೇಕಾಗುತ್ತೆ, ನಡುವೆ ಶಾಲೆ ಬದಲಾಯಿಸಿದ್ರೆ ಹಳೇ ಶಾಲೆ ಮುಚ್ಚೋಕೆ ಮುಂಚೆ ದಾಖಲೆ ತಗೊಂಡಿಡಿ. ಆಮೇಲೆ ಹೆಸರು. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಶಾಲೆ ದಾಖಲೆಯಲ್ಲಿ ಬರೀ ಇನಿಷಿಯಲ್ಲು, ಜಾತಿ ಸರ್ಟಿಫಿಕೇಟ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗು, ಇದು ಮನೆ ಮನೆ ಕತೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ತಪ್ಪು ಪ್ರಿಂಟ್ ಆದ್ಮೇಲೆ ತಿದ್ದಿಸೋಕೆ ಓಡಾಡಿ ಸಾಕಾಗುತ್ತೆ. ಶಾಲೆ ರಿಜಿಸ್ಟರಲ್ಲಿ ಏನಿದೆ ಅಂತ ಬೇಸಿಗೆ ರಜೆಗೆ ಮುಂಚೇನೇ ನೋಡ್ಕೊಂಡು ಬನ್ನಿ, ರಜೇಲಿ ಆಫೀಸಲ್ಲಿ ಕ್ಲರ್ಕ್ ಸಿಗೋದು ಕಷ್ಟ.