ಕನ್ನಡಿ ಬಿಡಿ, ನಾಣ್ಯ ಅಂಗೈಯಲ್ಲಿಟ್ಟುಕೊಂಡೇ ಲೋಕಲ್ ಹತ್ತಿ

ಭಾನುವಾರ ಎರಡು ಗಂಟೆ ಕನ್ನಡಿ ಮುಂದೆ ತಾಲೀಮು ಮಾಡಿದರೂ ಆಫೀಸಿನವರ ಮುಂದೆ ನಾಣ್ಯ ಮಾಯ ಮಾಡಲು ಹೋದರೆ ಬೆರಳು ಕೊಕ್ಕೆಯ ಹಾಗೆ ಸೆಟೆಯುತ್ತವೆ ಅಂತ ಬರೆದಿದ್ದೀರಿ. ಇದೇ ತಪ್ಪನ್ನು ನಾನೂ ಮಾಡಿದ್ದೆ, ಅದಕ್ಕೇ ಹೇಳ್ತಿದ್ದೇನೆ. ವಾರಕ್ಕೊಮ್ಮೆಯ ತಾಲೀಮಿನಿಂದ ಕೈಗೆ ರೂಢಿ ಬರಲ್ಲ. ಮುಂಬೈ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ದಿನಾ ಹೋಗ್ತೀರಲ್ಲ, ಆ ಹೊತ್ತು ಬಳಸಿ.

ಕ್ಲಾಸಿಕ್ ಪಾಮ್‌ನಲ್ಲಿ, ಅಂದರೆ ಅಂಗೈಯ ನಡುವೆ ಸ್ನಾಯುಗಳ ಹಿಡಿತದಲ್ಲೇ ಅಡಗಿಸಿ, ನಾಣ್ಯ ಕೂರಿಸಿಯೇ ಮನೆ ಬಿಡಿ. ಆ ಕೈ ಸುಮ್ಮನಿರಬಾರದು: ಬೀಗ ಹಾಕಿ, ಕನ್ನಡಕ ಸರಿಮಾಡಿ, ಕಟಿಂಗ್ ಚಾಯ್ ಗ್ಲಾಸ್ ಎತ್ತಿ. ಗ್ಲಾಸ್ ಎತ್ತುವಾಗ ಹೆಬ್ಬೆರಳು ಹೊರಕ್ಕೆ ಚಾಚಿಕೊಂಡರೆ ಒತ್ತಡ ಜಾಸ್ತಿ ಆಗಿದೆ. ಇನ್ನೇನು ಬಿತ್ತು ಅನ್ನುವಷ್ಟೇ ಹಿಡಿತ ಸಾಕು. ಬಿದ್ದರೆ ಬೀಳಲಿ. ರೈಲಿನ ಬಾಗಿಲಲ್ಲಿ ನಿಂತಾಗ ಮಾತ್ರ ಬೇಡ, ಆಗ ಕೈ ಕಂಬಕ್ಕೆ.

ನಾಣ್ಯ 10 ರೂಪಾಯಿಯದೇ ಇರಲಿ, 27 ಮಿ.ಮೀ. ಅಮೆರಿಕದ ಪುಸ್ತಕಗಳು 30.6 ಮಿ.ಮೀ. ಹಾಫ್ ಡಾಲರ್ ಲೆಕ್ಕದಲ್ಲಿ ಹೇಳುತ್ತವೆ. ನಮ್ಮದನ್ನು ಹೆಬ್ಬೆರಳ ಬುಡಕ್ಕೆ ಸ್ವಲ್ಪ ಹತ್ತಿರ ಕೂರಿಸಬೇಕು. 20ರದ್ದೂ 27 ಮಿ.ಮೀ. ಆದರೂ ಹನ್ನೆರಡು ಮೂಲೆ, ಕಲಿಯುವಾಗ ಬೇಡ. ಎಸಿಯಲ್ಲಿ ಅಂಗೈ ಒಣಗಿ ಜಾರುತ್ತಿದ್ದರೆ ಒಂದೇ ಹನಿ ಗ್ಲಿಸರಿನ್ ಹಚ್ಚಿ ಒರೆಸಿಬಿಡಿ.

ಇನ್ನು ಸುಳ್ಳು ವರ್ಗಾವಣೆ, ಅಂದರೆ ನಾಣ್ಯವನ್ನು ಎಡಗೈಗೆ ಹಾಕಿದಂತೆ ತೋರಿಸಿ ಬಲಗೈಯಲ್ಲೇ ಉಳಿಸಿಕೊಳ್ಳುವುದು. ಹತ್ತು ಸಲ ನಾಣ್ಯವನ್ನು ನಿಜವಾಗಿಯೇ ಎಡಗೈಗೆ ಹಾಕಿ, ಹನ್ನೊಂದನೆಯದು ಮಾತ್ರ ಸುಳ್ಳು. ನಿಜವಾಗಿ ಹಾಕುವಾಗ ಕಣ್ಣು ಎಲ್ಲಿರುತ್ತದೆ, ಮುಷ್ಟಿ ಯಾವಾಗ ಮುಚ್ಚುತ್ತದೆ, ಬಲಗೈ ಎಷ್ಟು ಬೇಗ ಕೆಳಗಿಳಿಯುತ್ತದೆ, ಗಮನಿಸಿ. ಸುಳ್ಳು ಅದರ ನಕಲಾಗಬೇಕು. ನೀವು ಕಳಿಸಿದ ವಿಡಿಯೋದಲ್ಲಿ ಸುಳ್ಳಿನ ಸಲ ಮುಷ್ಟಿ ಬೇಗ ಮುಚ್ಚುತ್ತದೆ, ಖಾಲಿ ಮುಷ್ಟಿ ಚಪ್ಪಟೆಯಾಗಿದೆ. ಒಳಗೆ ನಾಣ್ಯದಷ್ಟು ಜಾಗ ಬಿಡಿ ಮಾರಾಯ್ರೇ! ಕನ್ನಡಿಯ ಇನ್ನೊಂದು ಕಾಟ, ಕೈಚಳಕದ ಕ್ಷಣಕ್ಕೆ ಸರಿಯಾಗಿ ನೀವೇ ಕಣ್ಣು ಮಿಟುಕಿಸುತ್ತೀರಿ, ತಪ್ಪು ಕಾಣುವುದೇ ಇಲ್ಲ. ಮೊಬೈಲನ್ನು ಮಗುವಿನ ಎತ್ತರಕ್ಕೆ, ಪಕ್ಕದಿಂದ ಇಟ್ಟು ರೆಕಾರ್ಡ್ ಮಾಡಿ.

ವಡಾಪಾವ್‌ನವನ ಚಿಲ್ಲರೆಯ ಮೇಲೆ ಮಾತ್ರ ಪ್ರಯೋಗ ಬೇಡ. ಅವನ ಕಣ್ಣಿಗೆ ಅದು ಜಾದೂ ಅಲ್ಲ, ಕಳ್ಳತನ.

ಯಾವ ಇಸ್ಪೀಟು ತಗೊಳ್ಳಲಿ ಅಂತಲೂ ಕೇಳಿದಿರಿ: ಬೈಸಿಕಲ್ ಬ್ರ್ಯಾಂಡಿನ ಕಾಗದದ ಎಲೆಗಳನ್ನೇ ತಗೊಳ್ಳಿ. ಪೂರ್ತಿ ಪ್ಲಾಸ್ಟಿಕ್ ಎಲೆ ಮಳೆಗೆ ಹಾಳಾಗಲ್ಲ ನಿಜ, ಆದರೆ ಡಬಲ್ ಲಿಫ್ಟ್‌ನಲ್ಲಿ (ಎರಡೆಲೆಯನ್ನು ಒಂದೇ ಅನ್ನುವಂತೆ ಎತ್ತುವುದು) ಎರಡೆಲೆ ಬೇರೆಬೇರೆಯಾಗಿ ಜಾರುತ್ತವೆ, ಬ್ರೇಕ್ (ಕಟ್ಟಿನ ನಡುವೆ ಬೆರಳಿಂದ ಹಿಡಿದಿಡುವ ಸಣ್ಣ ಸಂದು) ನಿಲ್ಲಲ್ಲ. ಕಾಗದದ ಎಲೆ ಜುಲೈನಲ್ಲಿ ಉಬ್ಬಿ ಅಂಟಿಕೊಳ್ಳುತ್ತದೆ. ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವುದೇ ಆದೀತು. ಟಾಲ್ಕಂ ಪೌಡರ್ ಮಾತ್ರ ಹಾಕಬೇಡಿ, ಬೆವರಿಗೆ ಸೇರಿ ಅಂಚಿನಲ್ಲಿ ಮಣ್ಣು ಕಟ್ಟುತ್ತದೆ.