ಜಗಳ ನಿಜ, ಕಥೆ ಯಾರದು?

ನಮಸ್ಕಾರ.

ನಿಮ್ಮ ಪತ್ರ ಓದಿದೆ. ಸಾಲು ಸಾಲಿನಲ್ಲೂ ಸಿಟ್ಟಿದೆ. ಓದುಗರಿಗಾಗಿ ಅದರ ಸಾರ ಹೇಳಿಬಿಡುತ್ತೇನೆ. ನಾಲ್ಕಾರು ಜನ ಕೂತು, ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಬರೆದ ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಹತ್ತು ಹದಿನೈದು ಜನರನ್ನು ಒಂದು ಮನೆಯಲ್ಲಿ ಕೂಡಿಹಾಕಿ ಜಗಳ ಆಡಿಸುವ ರಿಯಾಲಿಟಿ ಶೋ ಮಾತ್ರ ಸೀಸನ್ ಮೇಲೆ ಸೀಸನ್ ಓಡುತ್ತದೆ. ಜನರ ರುಚಿಯೇ ಕೆಟ್ಟಿದೆ. ಪತ್ರಿಕೆಯೂ ಇಂಥವಕ್ಕೆ ಪುಟ ಕೊಡುತ್ತದೆ. ಕೊನೆಗೆ ಒಂದು ಮಾತು ಸೇರಿಸಿದ್ದೀರಿ: "ಗೆಲ್ಲೋದು ಯಾರು ಅಂತ ಮೊದಲೇ ಬರೆದಿಟ್ಟಿರ್ತಾರೆ, ಬಿಡಿ."

ಆ ಕೊನೆಯ ಮಾತನ್ನೇ ಮೊದಲು ನೋಡೋಣ.

1950ರ ದಶಕದಲ್ಲಿ ಅಮೆರಿಕದಲ್ಲಿ ಟಿವಿ ಕ್ವಿಜ್‌ಗಳ ಹುಚ್ಚು ಜೋರಾಗಿತ್ತು. ‘ಟ್ವೆಂಟಿ ಒನ್’ ಎಂಬ ಕ್ವಿಜ್‌ನಲ್ಲಿ ವಾರಗಟ್ಟಲೆ ಗೆದ್ದು ಮನೆಮಾತಾಗಿದ್ದ ಚಾರ್ಲ್ಸ್ ವಾನ್ ಡೋರೆನ್, ಉತ್ತರಗಳನ್ನು ನನಗೆ ಮೊದಲೇ ಹೇಳಿಕೊಟ್ಟಿರುತ್ತಿದ್ದರು ಅಂತ 1959ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡರು. ಮರುವರ್ಷವೇ ಕಾನೂನು ಬಂತು. ಟಿವಿಯ ಸ್ಪರ್ಧೆಯಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ಗೊತ್ತು ಮಾಡಿಟ್ಟು ನೋಡುವವರಿಗೆ ಮೋಸ ಮಾಡುವುದು ಅಲ್ಲಿ ಅಪರಾಧ. ಹಾಗಾಗಿ ಗೆಲ್ಲುವವರನ್ನು ಬರೆದಿಡುವುದು ನಾವು ಅಂದುಕೊಂಡಷ್ಟು ಸಲೀಸಲ್ಲ. ಬರೆದಿಡುವ ಅಗತ್ಯವೂ ಇಲ್ಲ. ಗೆದ್ದವರು ಹೇಗೆ ಗೆದ್ದರು, ಸೋತವರು ಎಂಥವರು ಅನ್ನುವುದನ್ನು ಆಮೇಲೆ ಬರೆದುಕೊಳ್ಳಬಹುದಲ್ಲ!

ಸ್ಪರ್ಧಿಯನ್ನು ಒಬ್ಬೊಬ್ಬರನ್ನೇ ಕೂರಿಸಿ ಕ್ಯಾಮೆರಾ ಎದುರು ಮಾತಾಡಿಸುತ್ತಾರೆ, ನೋಡಿರುತ್ತೀರಿ. ಪ್ರಶ್ನೆ ಕೇಳಿದವರ ದನಿ ನಮಗೆ ಕೇಳಿಸುವುದಿಲ್ಲ. ಪ್ರಶ್ನೆಯ ಮಾತನ್ನೂ ಸೇರಿಸಿ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಿ, ಈಗಲೇ ನಡೆಯುತ್ತಿದೆ ಅನ್ನೋ ಹಾಗೆ ಹೇಳಿ ಅಂತ ಕಿವಿಮಾತು ಕೊಟ್ಟಿರುತ್ತಾರೆ. "ಅವಳು ನಿಮ್ಮ ಬೆನ್ನಿಗೆ ಚೂರಿ ಹಾಕಿದಳು ಅನ್ಸುತ್ತಾ?" ಅಂತ ಕೇಳಿದರೆ ನಮಗೆ ಸಿಗುವುದು "ಅವಳು ನನ್ನ ಬೆನ್ನಿಗೆ ಚೂರಿ ಹಾಕಿದಳು" ಎಂಬ ಒಂದೇ ಸಾಲು. ಆ ಮಾತು ಮೊದಲು ಬಂದಿದ್ದು ಯಾರ ಬಾಯಲ್ಲಿ ಅನ್ನುವುದು ಕತ್ತರಿಗೆ ಹೋಗಿರುತ್ತದೆ.

ಇನ್ನೊಂದನ್ನು ಗಮನಿಸಿ. ಮಾತಾಡುವವರ ಮುಖ ಕಾಣುತ್ತಿರುತ್ತದೆ. ಇದ್ದಕ್ಕಿದ್ದಂತೆ ಮುಖ ಹೋಗಿ ಬೇರೇನೋ ದೃಶ್ಯ ಬರುತ್ತದೆ, ದನಿ ಮಾತ್ರ ಮುಂದುವರಿಯುತ್ತದೆ. ಅಲ್ಲಿ ಸ್ವಲ್ಪ ಕಿವಿಗೊಡಿ. ಬೇರೆ ದಿನ ಆಡಿದ ಅರ್ಧ ಮಾತನ್ನು ಅಲ್ಲಿ ತಂದು ಹೊಲಿದಿರುವ ಸಾಧ್ಯತೆ ಜಾಸ್ತಿ. ಕೆಲವೊಮ್ಮೆ ರಾಗ ಕೂಡ ಕೂಡಿರುವುದಿಲ್ಲ, ಮಾತು ಏರುವ ಕಡೆ ಇಳಿದುಬಿಡುತ್ತದೆ. ಒಮ್ಮೆ ಇದು ಕಿವಿಗೆ ಬಿತ್ತು ಅಂದರೆ ಆಮೇಲೆ ತಪ್ಪಿಸಿಕೊಳ್ಳೋಕೆ ಆಗಲ್ಲ, ಮೊದಲೇ ಹೇಳಿಬಿಡುತ್ತೇನೆ.

ಈ ಕೆಲಸ ಮಾಡುವವರನ್ನು ಸ್ಟೋರಿ ಪ್ರೊಡ್ಯೂಸರ್ ಅನ್ನುತ್ತಾರೆ. ಒಂದು ಕಂತಿಗಾಗಿ ಹಗಲೂ ರಾತ್ರಿ ತೆಗೆದ ಅಷ್ಟೂ ಚಿತ್ರೀಕರಣ ಅವರ ಮುಂದೆ ಇರುತ್ತದೆ. ಅದರೊಳಗಿಂದ ಒಂದು ಗಂಟೆ ಹೆಕ್ಕಬೇಕು. ಯಾರು ಪಾಪದವರು, ಯಾರು ಕಿಡಿಗೇಡಿ, ಯಾರ ಕಣ್ಣೀರಿಗೆ ಜಾಗ, ಯಾರ ಜೋಕು ಕಸದಬುಟ್ಟಿಗೆ, ಎಲ್ಲ ಅಲ್ಲೇ ತೀರ್ಮಾನ. ಇದು ಬರವಣಿಗೆ ಅಲ್ಲದೆ ಮತ್ತೇನು? 2006ರಲ್ಲಿ ‘ಅಮೆರಿಕಾಸ್ ನೆಕ್ಸ್ಟ್ ಟಾಪ್ ಮಾಡೆಲ್’ ಎಂಬ ರೂಪದರ್ಶಿಯರ ಸ್ಪರ್ಧೆಗೆ ಹೀಗೆ ಕಥೆ ಕಟ್ಟುತ್ತಿದ್ದ ಹನ್ನೆರಡು ಜನ, ನಮ್ಮನ್ನೂ ಬರಹಗಾರರ ಸಂಘದಡಿ ಸೇರಿಸಿ ಅಂತ ಮುಷ್ಕರ ಹೂಡಿದರು. ಶೋ ನಡೆದೇ ನಡೆಯಿತು. ಕೆಲಸ ಹೋಗಿದ್ದು ಅವರದು.

ನೀವು ಹೇಳುವ "ಬರಹಗಾರ ವರ್ಸಸ್ ಜಗಳಗಂಟರು" ಎಂಬ ಲೆಕ್ಕ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಧಾರಾವಾಹಿಯಲ್ಲಿ ಮೊದಲು ಬರೆದು ಆಮೇಲೆ ಚಿತ್ರೀಕರಿಸುತ್ತಾರೆ. ಇಲ್ಲಿ ಮೊದಲು ಚಿತ್ರೀಕರಿಸಿ ಆಮೇಲೆ ಬರೆಯುತ್ತಾರೆ. ಬರೆದವರನ್ನು ಬರಹಗಾರರು ಅಂತ ಕರೆಯುವುದಿಲ್ಲ, ಆ ಸಂಭಾವನೆಯೂ ಕೊಡುವುದಿಲ್ಲ. ಚಾನೆಲ್‌ಗಳಿಗೆ ಇದು ಇಷ್ಟವಾಗದೆ ಇರುತ್ತದಾ? ಹಾಲಿವುಡ್ ಬರಹಗಾರರು 2007ರ ನವೆಂಬರ್‌ನಿಂದ 2008ರ ಫೆಬ್ರವರಿವರೆಗೆ 100 ದಿನ ಪೆನ್ನು ಕೆಳಗಿಟ್ಟಾಗ, ಖಾಲಿ ಬಿದ್ದ ಸಮಯವನ್ನು ತುಂಬೋಕೆ ಚಾನೆಲ್‌ಗಳು ಹೆಚ್ಚಾಗಿ ನೆಚ್ಚಿಕೊಂಡಿದ್ದು ರಿಯಾಲಿಟಿ ಶೋಗಳನ್ನೇ.

ಇನ್ನು ರುಚಿಯ ವಿಚಾರ. ‘ಸರ್ವೈವರ್’ ಎಂಬ ರಿಯಾಲಿಟಿ ಶೋನ ಮೊದಲ ಸೀಸನ್ನಿನ ಕೊನೆಯ ಕಂತನ್ನು 2000ದ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ 5 ಕೋಟಿಗೂ ಹೆಚ್ಚು ಜನ ನೋಡಿದರು. ‘ಅಮೆರಿಕನ್ ಐಡಲ್’ ಎಂಬ ಹಾಡಿನ ಸ್ಪರ್ಧೆ ಸತತ ಎಂಟು ಸೀಸನ್, ಅಲ್ಲಿ ಅತಿ ಹೆಚ್ಚು ಜನ ನೋಡುವ ಶೋಗಳ ಪಟ್ಟಿಯ ತುದಿಯಲ್ಲಿತ್ತು. ಅದೇ ದೇಶದಲ್ಲಿ 1983ರಲ್ಲಿ ‘ಮ್ಯಾಶ್’ ಎಂಬ ಧಾರಾವಾಹಿಯ ಕೊನೆಯ ಕಂತನ್ನು ನೋಡಿದವರು 10 ಕೋಟಿಗೂ ಮೇಲೆ. ಆಗ ಒಳ್ಳೆ ರುಚಿ ಇತ್ತು, ಈಗ ಕೆಟ್ಟಿತು ಅನ್ನೋಣವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಸ್ಪರ್ಧೆಯಲ್ಲಿ ಫಲಿತಾಂಶ ಇನ್ನೂ ಆಗಿಲ್ಲ ಅನ್ನುವ ಭರವಸೆ ಇರುತ್ತದೆ. ಹಿಂದಿನ ಕಂತು ನೋಡಿರದಿದ್ದರೂ ನಡೆಯುತ್ತದೆ. ಶ್ರುತಿ ತಪ್ಪಿತು, ಅವನಿಗೆ ಮಾರ್ಕ್ಸ್ ಜಾಸ್ತಿ ಆಯ್ತು ಅಂತ ಅಜ್ಜಿ, ಮೊಮ್ಮಗ ಇಬ್ಬರೂ ತೀರ್ಪುಗಾರರ ಮೇಲೇ ರೇಗಬಹುದು. ಧಾರಾವಾಹಿಯಲ್ಲಿ ಆ ಅವಕಾಶ ಎಲ್ಲಿದೆ? ಅದರ ಮೇಲೆ ಒಂದೇ ನೋಟವನ್ನು ಮೂರು ಕಡೆಯಿಂದ ತೋರಿಸಿ, ಒಂದು ಗುಟ್ಟನ್ನು ಆರು ತಿಂಗಳು ಎಳೆದು ನೋಡುವವರ ತಾಳ್ಮೆ ಕಳೆದಿದ್ದು ಧಾರಾವಾಹಿಗಳೇ ಅಲ್ವಾ? ಆ ತಪ್ಪನ್ನು ಪಕ್ಕದ ಚಾನೆಲ್‌ನ ಸ್ಪರ್ಧಿಗಳ ಮೇಲೆ ಹಾಕುವುದು ಸರಿಯಲ್ಲ.

ಆದರೆ ನಿಮಗೆ ಸಮಾಧಾನ ಆಗುವ ಮಾತೂ ಇದೆ. ಗೆದ್ದವರು ಯಾರು ಅಂತ ಗೊತ್ತಾದ ಮೇಲೆ ಸ್ಪರ್ಧೆಯನ್ನು ಮತ್ತೆ ಹಾಕಿಕೊಂಡು ನೋಡುವವರು ಕಡಿಮೆ. ಕಥೆ ಹಾಗಲ್ಲ. ‘ಸೂಟ್ಸ್’ ಎಂಬ ವಕೀಲರ ಧಾರಾವಾಹಿ 2019ರಲ್ಲೇ ಮುಗಿದಿತ್ತು. 2023ರಲ್ಲಿ ಅಮೆರಿಕದಲ್ಲಿ ಸ್ಟ್ರೀಮಿಂಗ್‌ನಲ್ಲಿ ಅತಿ ಹೆಚ್ಚು ಹೊತ್ತು ನೋಡಿದ್ದು ಅದನ್ನೇ, ಒಟ್ಟು 5,770 ಕೋಟಿ ನಿಮಿಷ. ಅದೇ ವರ್ಷ ‘ಸ್ಕ್ವಿಡ್ ಗೇಮ್’ ಎಂಬ ಕೊರಿಯಾದ ಧಾರಾವಾಹಿಯ ಕಥೆಯನ್ನು ನಿಜವಾದ ಸ್ಪರ್ಧೆ ಮಾಡಿದರು, 456 ಸ್ಪರ್ಧಿಗಳು, 45.6 ಲಕ್ಷ ಡಾಲರ್ ಬಹುಮಾನ. ದುಡ್ಡಿಗಾಗಿ ಜನರನ್ನು ಆಡಿಸುವುದು ಎಷ್ಟು ಕ್ರೂರ ಅಂತ ತೋರಿಸೋಕೆ ಬರೆದ ಕಥೆ ಅದು! ಸ್ಪರ್ಧೆಗೂ ಕೊನೆಗೆ ಯಾರೋ ಬರೆದ ಕಥೆಯೇ ಬೇಕಾಯಿತು.

ಪುಟಗಳ ವಿಚಾರ. ರಿಯಾಲಿಟಿ ಶೋ ಬಗ್ಗೆ ಬರೆಯುವುದನ್ನು ನಿಲ್ಲಿಸುವುದಿಲ್ಲ. ಆದರೆ ಯಾರು ಯಾರ ಮೇಲೆ ಕೂಗಾಡಿದರು ಅನ್ನುವ ವಾರದ ವರದಿ ಸುಮ್ನೆ ಜಾಗ ತಿನ್ನುತ್ತದೆ ಅಂದಿದ್ದೀರಿ, ಅದು ಸರಿ. ಮುಂದಿನ ಸಂಚಿಕೆಯಿಂದ ಅದು ಇರುವುದಿಲ್ಲ. ಆ ಜಾಗದಲ್ಲಿ ಎಡಿಟಿಂಗ್ ಕೋಣೆಯವರನ್ನು ಮಾತಾಡಿಸುವ ಯೋಚನೆ ಇದೆ. ಅರ್ಧಕ್ಕೆ ನಿಂತ ನಿಮ್ಮ ಮೆಚ್ಚಿನ ಧಾರಾವಾಹಿ ಬಗ್ಗೆ ಪತ್ರದಲ್ಲಿ ಎರಡು ಪ್ಯಾರಾ ಇದೆಯಲ್ಲ, ಸಿಟ್ಟು ಬಿಟ್ಟು ಬರೆದಿರುವುದು ಆ ಭಾಗ ಮಾತ್ರ. ಅದನ್ನೇ ಒಂದು ಪುಟದಷ್ಟು ಬೆಳೆಸಿ ಕಳಿಸಿ, ಹಾಕೋಣ.

– ಸಂಪಾದಕ